ಹತ್ತಿರದ ಪರದೇಶದಲ್ಲಿ ನಾಲ್ಕು ತಿಂಗಳು

ಪರದೇಶಕ್ಕೆ ಹೋಗಿ ಬಂದವರು ತಮ್ಮ ಅನುಭವಗಳನ್ನು ನಾಲ್ಕು ಜನಕ್ಕೆ ಹೇಳುವುದು ಲೋಕದ ವಾಡಿಕೆ. ಬೆಂಗಳೂರಿನ ಪೂರ್ವದ ಅಂಚಿನಲ್ಲಿರುವ ಬ್ರೂಕ್‌ಫೀಲ್ಡಿನಲ್ಲಿ, ನಾನು ವಾಸಮಾಡುವ ಬೀದಿಯಲ್ಲಂತೂ, ಈ ವಾಡಿಕೆಗೆ ಹೊರತಾದ ಮನೆಯೇ ಇಲ್ಲವೆನ್ನಬಹುದು. ಮಗನೋ ಮಗಳೋ ಅಮೆರಿಕದಲ್ಲಿ ಉದ್ಯೋಗದಲ್ಲಿರುತ್ತಾರೆ; ವೃದ್ಧರಾದ ತಂದೆತಾಯಿಗಳು ಮೊಮ್ಮಕ್ಕಳನ್ನು ನೋಡಿಕೊಳ್ಳುವುದಕ್ಕಾಗಿ ಆರು ತಿಂಗಳು ಅಲ್ಲಿಗೆ ಹೋಗಿ ಹಿಂದಿರುಗುತ್ತಾರೆ. ಸಂಜೆಯ ಹೊತ್ತು ಉದ್ಯಾನದ ಬೆಂಚಿನ ಮೇಲೆ ಕುಳಿತು, ಹಿಮ ಬಿದ್ದುದನ್ನೂ ಹಾಲಿನ ಬೆಲೆಯನ್ನೂ ವರ್ಣಿಸುತ್ತಾರೆ. ಬಹುಕಾಲ ಕೇಳುವವನಾಗಿಯೇ ಇದ್ದ ನಾನು ಈಚೆಗೆ ಒಂದು ದಿನ, “ನಾನೂ ನಾಲ್ಕು ತಿಂಗಳು ಪರದೇಶೀಯರ ಹಳ್ಳಿಯೊಂದರಲ್ಲಿ ಸ್ವಯಂಸೇವಕನಾಗಿದ್ದು ಬಂದೆನು” ಎಂದೆನು. “ವೀಸಾ ಸುಲಭವಾಗಿ ಸಿಕ್ಕಿತೆ, ಮೇಷ್ಟ್ರೇ?” ಎಂದು ಒಬ್ಬರು ವಿಚಾರಿಸಿದರು. ವೀಸಾದ ಸಂಗತಿ ನನಗೆ ತಿಳಿಯದು, ಬಸ್ಸಿನ ಟಿಕೆಟ್ಟೇನೋ ಸುಲಭವಾಗಿ ಸಿಕ್ಕಿತೆಂದು ಉತ್ತರಕೊಟ್ಟೆನು.

ನಾನು ಹೋಗಿದ್ದುದು ಬೈಲಕುಪ್ಪೆಗೆ. ಕುಂದಲಹಳ್ಳಿಯಲ್ಲಿ ಮೆಟ್ರೊ ಹತ್ತಿ, ಮೈಸೂರು ರಸ್ತೆಯಲ್ಲಿಳಿದು, ಮಡಿಕೇರಿಯ ಬಸ್ಸನ್ನು ಹಿಡಿದರೆ ಅದೇ ದಿನ ಅಲ್ಲಿರಬಹುದು. ಮೈಸೂರು ಜಿಲ್ಲೆಯ ಪಿರಿಯಾಪಟ್ಟಣ ತಾಲ್ಲೂಕಿಗೆ ಸೇರಿದ ಈ ಊರನ್ನು ದಾಟಿದೊಡನೆಯೇ ಕಾವೇರಿ. ಕಾವೇರಿಯ ಆಚೆ ಕೊಡಗಿನ ಕುಶಾಲನಗರ. ಆದರೆ ಹೆದ್ದಾರಿಯಿಂದ ಪಕ್ಕಕ್ಕೆ ತಿರುಗಿ ಒಂದೆರಡು ಮೈಲಿ ಹೋದರೆ ದೇಶವೇ ಬದಲಾದಂತಾಗುತ್ತದೆ. ಮುಸುಕಿನ ಜೋಳದ ಹೊಲಗಳ ನಡುವೆ ಐದು ಬಣ್ಣದ ಪ್ರಾರ್ಥನಾಪತಾಕೆಗಳು ಗಾಳಿಗೆ ಹಾರಾಡುತ್ತವೆ. ಕೆಂಪು ವಸ್ತ್ರದ ಭಿಕ್ಷುಗಳು ಗುಂಪುಗುಂಪಾಗಿ ನಡೆದುಹೋಗುತ್ತಾರೆ. ಅಂಗಡಿಯ ಹಲಗೆಗಳ ಮೇಲೆ ನಾವು ಓದಲಾರದ ಲಿಪಿ. ನಮ್ಮ ದೇಶದವರಲ್ಲದವರು ಅಲ್ಲಿ ತಂಗಬೇಕಾದರೆ ಭಾರತ ಸರ್ಕಾರದ ವಿಶೇಷ ಅನುಮತಿಪತ್ರ ಬೇಕು. ಹೀಗಿರುವಾಗ ಅದನ್ನು ಪರದೇಶವೆಂದು ಕರೆದುದರಲ್ಲಿ ನನ್ನದೇನೂ ಅತ್ಯುಕ್ತಿಯಿಲ್ಲವೆಂದು ಭಾವಿಸುತ್ತೇನೆ.

1959ರಲ್ಲಿ ದಲೈಲಾಮಾ ಅವರು ಟಿಬೆಟ್ಟನ್ನು ಬಿಟ್ಟು ಭಾರತಕ್ಕೆ ಬಂದುದನ್ನು ಎಲ್ಲರೂ ಬಲ್ಲರು. ಅವರ ಹಿಂದೆ ಬಂದ ಸಹಸ್ರಾರು ಜನಕ್ಕೆ ನೆಲ ಬೇಕಾಯಿತು. ಅಂದಿನ ಮೈಸೂರು ಸರ್ಕಾರವು ಬೈಲಕುಪ್ಪೆಯ ಬಳಿ ಸುಮಾರು 3,000 ಎಕರೆ ಕಾಡುಭೂಮಿಯನ್ನು ಕೊಟ್ಟಿತು. 1960-61ರಲ್ಲಿ ಲುಗ್ಸುಂಗ್ ಸಮ್ದುಪ್ಲಿಂಗ್ ಎಂಬ ಮೊದಲ ವಸತಿಯೂ, 1969ರಲ್ಲಿ ಡಿಕ್ಯಿ ಲಾರ್ಸೊ ಎಂಬ ಎರಡನೆಯದೂ ಏರ್ಪಟ್ಟುವು. ಈ ಜನರಿಗೆ ನೆರವಾಗಲೆಂದೇ 1968ರಲ್ಲಿ ‘ಮೈರಾಡ’ ಎಂಬ ಸಂಸ್ಥೆ ಹುಟ್ಟಿತು. ಅದು ಅನಂತರ ನಮ್ಮ ಹಳ್ಳಿಗಾಡಿನ ಬಡವರ ಕೆಲಸವನ್ನೂ ಕೈಗೊಂಡಿತು. ಲಾಸಾ ನಗರದ ಬಳಿ 1419ರಲ್ಲಿ ಸ್ಥಾಪಿತವಾಗಿದ್ದ ಸೆರಾ ಮಹಾವಿಹಾರವು ಇಲ್ಲಿ ಮತ್ತೆ ತಲೆಯೆತ್ತಿತು. ಪೆನೋರ್ ರಿಂಪೋಚೆಯವರು 1963ರಲ್ಲಿ ಪ್ರಾರಂಭಿಸಿದ ನಾಮ್‌ಡ್ರೋಲಿಂಗ್ ವಿಹಾರದ ಚಿನ್ನದ ಗುಡಿಯನ್ನು ಮಾತ್ರ ನಮ್ಮವರು ನೋಡಿ ಬರುತ್ತಾರೆ. ಪದ್ಮಸಂಭವ, ಬುದ್ಧ, ಅಮಿತಾಯು ಎಂಬ ಮೂರು ಸುವರ್ಣಲೇಪಿತ ವಿಗ್ರಹಗಳ ಮುಂದೆ ನಿಂತು ಚಿತ್ರ ತೆಗೆಸಿಕೊಂಡು ಹಿಂದಿರುಗುತ್ತಾರೆ. ನಾನೂ ಮೊದಲು ಹೋದದ್ದು ಅದಕ್ಕೇ.

ನಾನಿರುವ ಊರಿನ ಪಕ್ಕದ ವೈಟ್‌ಫೀಲ್ಡಿಗೂ ಇಂಥದೇ ಒಂದು ಪೂರ್ವಕಥೆಯುಂಟೆಂಬುದು ಆಗ ನನಗೆ ನೆನಪಾಯಿತು. 1882ರಲ್ಲಿ ಡೇವಿಡ್ ಇಮಾನುಯೆಲ್ ಸ್ಟಾರ್ಕೆನ್‌ಬರ್ಗ್ ವೈಟ್ ಎಂಬುವರು, ಪೂರ್ಣವಾಗಿ ಈ ಕಡೆಗೂ ಸೇರದೆ ಆ ಕಡೆಗೂ ಸೇರದೆ ಇದ್ದ ಆಂಗ್ಲೋ-ಇಂಡಿಯನ್ ಜನರು ಬೇಸಾಯಮಾಡಿಕೊಂಡು ಬಾಳಲೆಂದು ಒಂದು ವಸತಿಯನ್ನು ಯೋಚಿಸಿದರು. ಚಾಮರಾಜೇಂದ್ರ ಒಡೆಯರವರು ಅದಕ್ಕೆ ಸುಮಾರು 3,900 ಎಕರೆ ಭೂಮಿಯನ್ನು ದಯಪಾಲಿಸಿದರು. ನೆಲವಿಲ್ಲದವರಿಗೆ ನೆಲ ಕೊಟ್ಟ ಮೈಸೂರಿನ ಈ ಎರಡು ದಾನಗಳಲ್ಲಿ ಒಂದರ ಹೊಲಗಳ ಮೇಲೆ ಇಂದು ಗಾಜಿನ ಸೌಧಗಳು ನಿಂತಿವೆ. ಇನ್ನೊಂದರಲ್ಲಿ ಇಂದಿಗೂ ಜೋಳ ಬೆಳೆಯುತ್ತದೆ.

ನಾನು ಅಧ್ಯಾಪಕನಾದುದು ಅಕಸ್ಮಾತ್ತಾಗಿ. ಗುಡಿಯನ್ನು ನೋಡಿ ಹೊರಬಂದಾಗ ಒಬ್ಬ ತರುಣ ಭಿಕ್ಷುವು ಕನ್ನಡದಲ್ಲಿ ಅಚ್ಚಾದ ಒಂದು ಅರ್ಜಿಯನ್ನು ಹಿಡಿದುಕೊಂಡು, ಬಂದುಹೋಗುವವರ ಮುಖಗಳನ್ನೆಲ್ಲ ನೋಡುತ್ತ ನಿಂತಿದ್ದನು. ಓದಿ ಹೇಳಿ, ತುಂಬಿಸಿಕೊಟ್ಟೆನು. ಇಲ್ಲಿಯೇ ಹುಟ್ಟಿದವನಾದರೂ ಅವನ ಕನ್ನಡ ಅಂಗಡಿಯ ಹತ್ತಿಪ್ಪತ್ತು ಮಾತುಗಳನ್ನು ಮೀರಿರಲಿಲ್ಲ. “ನಮಗೆ ಕಲಿಸುವಿರಾ?” ಎಂದು ಹಿಂದಿಯಲ್ಲಿ ಕೇಳಿದನು. ನಿವೃತ್ತನಾದ ಉಪಾಧ್ಯಾಯನನ್ನು ಹೀಗೆ ಕೇಳುವುದೆಂದರೆ ಹಸಿದವನನ್ನು ಊಟಕ್ಕೆ ಕರೆದಂತೆ. ಮನೆಯವರು ಒಪ್ಪಿದರು, ಕಷಾಯದ ಪುಡಿಯನ್ನೂ ಉಪ್ಪಿನಕಾಯಿಯನ್ನೂ ಕಟ್ಟಿಕೊಟ್ಟರು. ಆ ವರ್ಷದ ಜ್ಯೇಷ್ಠಮಾಸದ ಕೊನೆಗೆ ಹೋದವನು ಆಶ್ವಯುಜದವರೆಗೆ ಅಲ್ಲಿದ್ದೆನು. ಒಂದು ವಿಹಾರದ ಅತಿಥಿಗೃಹದಲ್ಲಿ ಕೊಠಡಿ, ಭಿಕ್ಷುಗಳ ಪಾಕಶಾಲೆಯಿಂದ ಊಟ. ಸಂಬಳವೆಂಬುದು ಇರಲಿಲ್ಲ, ಬಯಸಲೂ ಇಲ್ಲ. ಆದರೆ ಸಂಬಳವಿಲ್ಲದೆ ದುಡಿಯುತ್ತಿದ್ದೇನೆಂಬ ಸಣ್ಣದೊಂದು ಗರ್ವವು ನನ್ನ ಪೆಟ್ಟಿಗೆಯಲ್ಲಿ ಉಪ್ಪಿನಕಾಯಿಯ ಜೊತೆಗೇ ಬಂದಿದ್ದಿತೆಂಬುದನ್ನು ಈಗ ಒಪ್ಪಿಕೊಳ್ಳಬೇಕು.

ಅಲ್ಲಿಯ ದಿನಚರಿಯನ್ನು ಸ್ವಲ್ಪ ಹೇಳುತ್ತೇನೆ. ಬೆಳಗಿನ ಜಾವದಲ್ಲಿ ಗಂಟೆಯ ಸದ್ದಾಗುತ್ತದೆ. ನೂರಾರು ಕಂಠಗಳಿಂದ ಒಂದೇ ಮಂದ್ರಸ್ವರದ ಪಾರಾಯಣವು ಮಳೆಯ ಸದ್ದಿನೊಡನೆ ಬೆರೆತು ಬರುತ್ತದೆ. ನಾನು ಸ್ನಾನ ಸಂಧ್ಯೆಗಳನ್ನು ಮುಗಿಸುವ ಹೊತ್ತಿಗೆ ಒಬ್ಬ ಚಿಕ್ಕ ಭಿಕ್ಷುವು ಚಹದ ಪಾತ್ರೆಯನ್ನು ತರುತ್ತಿದ್ದನು. ಈ ಚಹಕ್ಕೆ ಬೆಣ್ಣೆಯನ್ನೂ ಉಪ್ಪನ್ನೂ ಹಾಕಿ ಕಡೆದಿರುತ್ತಾರೆ. ಮೊದಲನೆಯ ದಿನ ಅದನ್ನು ಚಹವೆಂದು ಕುಡಿದು ಬಹಳ ಕಷ್ಟಪಟ್ಟೆನು. ಎರಡನೆಯ ದಿನ, ಇದು ಚಹವಲ್ಲ, ಒಂದು ಬಗೆಯ ಸಾರು ಎಂದು ಮನಸ್ಸಿಗೆ ಹೇಳಿಕೊಂಡು ಕುಡಿದೆನು, ರುಚಿಯಾಗಿಯೇ ಇದ್ದಿತು. ಹೆಸರನ್ನು ಬದಲಾಯಿಸಿಕೊಂಡರೆ ಅರ್ಧ ಕಷ್ಟ ಪರಿಹಾರವಾಗುತ್ತದೆಂಬುದನ್ನು ಗೃಹಿಣಿಯರು ನನಗಿಂತ ಚೆನ್ನಾಗಿ ಬಲ್ಲರು. ಒಂಬತ್ತು ಗಂಟೆಗೆ ಒಂದು ಪಾಠ, ಮಧ್ಯಾಹ್ನ ಮೂರಕ್ಕೆ ಒಂದು. ನಡುವೆ ಅನ್ನ, ಬೇಳೆ, ತಿಂಗ್ಮೊ ಎಂಬ ಆವಿಯಲ್ಲಿ ಬೆಂದ ಗೋಧಿಹಿಟ್ಟಿನ ಉಂಡೆ. ಸಂಜೆ ಸ್ತೂಪದ ಪ್ರದಕ್ಷಿಣೆ. ನಮ್ಮಂತೆಯೇ ಅವರದೂ ಬಲಕ್ಕೆ. ಜಪಮಾಲೆಯಲ್ಲಿ ನಮ್ಮಂತೆಯೇ 108 ಮಣಿಗಳು. ಊರಿನ ಮುದುಕ ಮುದುಕಿಯರೆಲ್ಲ ಬಲಗೈಯಲ್ಲಿ ಪ್ರಾರ್ಥನಾಚಕ್ರವನ್ನು ತಿರುಗಿಸುತ್ತ, ಎಡಗೈಯಲ್ಲಿ ಮಾಲೆ ಎಣಿಸುತ್ತ, ನಡುನಡುವೆ ಮನೆಯ ಸುದ್ದಿಯನ್ನೂ ಆಡಿಕೊಳ್ಳುತ್ತ ಸುತ್ತುತ್ತಿದ್ದರು. ಮಲ್ಲೇಶ್ವರದ ದೇವಸ್ಥಾನದಲ್ಲಿಯೂ ಇದಕ್ಕಿಂತ ಬೇರೆಯಾಗಿ ನಾನು ಕಂಡಿಲ್ಲ. ಕೊನೆಯ ಬೆಳೆ ಕೊಯ್ದಾದ ಮೇಲೆ ಇವರಲ್ಲಿ ಅನೇಕ ಕುಟುಂಬಗಳು ಚಳಿಗಾಲಕ್ಕೆ ದೂರದ ಪಟ್ಟಣಗಳಿಗೆ ಹೋಗಿ ಸ್ವೆಟರುಗಳನ್ನು ಮಾರುತ್ತವೆ. ಆಗ ಮನೆಯಲ್ಲುಳಿಯುವವರು ಈ ವೃದ್ಧರೇ.

ಇಲ್ಲಿ ನನ್ನದೊಂದು ತಪ್ಪನ್ನು ಹೇಳಬೇಕು. “ಓಂ ಮಣಿ ಪದ್ಮೇ ಹೂಂ” ಎಂಬ ಷಡಕ್ಷರಿಯನ್ನು ಅವರು “ಓಂ ಮಣಿ ಪೇಮೆ ಹುಂ” ಎನ್ನುತ್ತಾರೆ. ಹತ್ತು ದಿನ ಸಹಿಸಿದೆನು. ಹನ್ನೊಂದನೆಯ ದಿನ ಒಬ್ಬ ಅಜ್ಜಿಯನ್ನು ನಿಲ್ಲಿಸಿ, “ಪೇಮೆ ಅಲ್ಲ, ಪದ್ಮೇ” ಎಂದು ಎರಡು ಸಲ ಉಚ್ಚರಿಸಿ ತೋರಿಸಿದೆನು. ಆಕೆ ಹಲ್ಲಿಲ್ಲದ ಬಾಯಿಂದ ಮನಸಾರ ನಕ್ಕು, ನನ್ನ ಕೈಗೆ ಒಂದು ಸಕ್ಕರೆಮಿಠಾಯಿಯನ್ನು ಕೊಟ್ಟು, “ಪೇಮೆ” ಎನ್ನುತ್ತ ಮುಂದೆ ಹೋದಳು. ರಾತ್ರಿ ಮಲಗಿದಾಗ ಹೊಳೆಯಿತು: ನಾವು ಪದ್ಮವನ್ನು ‘ಪದುಮ’ವೆನ್ನುವುದಿಲ್ಲವೆ? ಲಕ್ಷ್ಮಿಯನ್ನು ‘ಲಕುಮಿ’ಯೆನ್ನುವುದಿಲ್ಲವೆ? ಕೇಶಿರಾಜನು ಹದಿಮೂರನೆಯ ಶತಮಾನದಲ್ಲಿ ರಚಿಸಿದ ಶಬ್ದಮಣಿದರ್ಪಣದಲ್ಲಿ ಇಂಥ ಮಾತುಗಳಿಗಾಗಿ ಅಪಭ್ರಂಶವೆಂಬ ಪ್ರಕರಣವನ್ನೇ ಮೀಸಲಿಟ್ಟಿದ್ದಾನೆ. ಅಜ್ಜಿಯದು ತಪ್ಪಲ್ಲ, ತದ್ಭವ. ಮೂವತ್ತು ವರ್ಷ ತತ್ಸಮ-ತದ್ಭವವನ್ನು ಹೇಳಿಕೊಟ್ಟವನಿಗೆ ಅದನ್ನು ಕಂಡಾಗ ಗುರುತಾಗಲಿಲ್ಲ.

ಪಾಠದ ವಿಷಯಕ್ಕೆ ಬರುತ್ತೇನೆ. ಹದಿನೈದು ಮಂದಿ ಭಿಕ್ಷುಗಳು, ಹೆಚ್ಚಿನವರು ತರುಣರು. ಹಿಂದಿನ ಸಾಲಿನಲ್ಲಿ ಒಬ್ಬರು ಮಾತ್ರ ಎಪ್ಪತ್ತು ದಾಟಿದವರು, ಬಡಕಲು ದೇಹದವರು, ದಪ್ಪ ಕನ್ನಡಕದವರು. ಎಲ್ಲರೂ ನನ್ನನ್ನು “ಗೆನ್-ಲಾ” ಎಂದು ಕರೆಯುತ್ತಿದ್ದರು, ‘ಗುರುಗಳೇ’ ಎಂದಂತೆ. ಏಳನೆಯ ಶತಮಾನದಲ್ಲಿ ಥೋನ್ಮಿ ಸಂಭೋಟನೆಂಬ ಮಂತ್ರಿಯು ಭಾರತಕ್ಕೆ ಬಂದು ಅಕ್ಷರವಿದ್ಯೆಯನ್ನು ಕಲಿತು ಹೋಗಿ ಟಿಬೆಟ್ಟಿನ ಲಿಪಿಯನ್ನು ರಚಿಸಿದನೆಂದು ಅವರ ಪರಂಪರೆ ಹೇಳುತ್ತದೆ. ಅವರದೂ ಕ, ಖ, ಗ, ಙ ಎಂದೇ ಪ್ರಾರಂಭ. ಕಪ್ಪುಹಲಗೆಯ ಮೇಲೆ ನಾನು ಕವರ್ಗವನ್ನು ಬರೆದಾಗ ಇಡೀ ತರಗತಿಯು ಒಮ್ಮೆಗೇ ತನ್ನ ಧಾಟಿಯಲ್ಲಿ ಅದನ್ನು ಹಾಡತೊಡಗಿತು. ಒತ್ತಕ್ಷರವನ್ನು ವಿವರಿಸುವ ಶ್ರಮವೇ ಬೀಳಲಿಲ್ಲ. ಅಕ್ಷರದ ಕೆಳಗೆ ಅಕ್ಷರವನ್ನು ಕೂರಿಸುವುದು ಅವರಿಗೆ ಹಳೆಯ ಅಭ್ಯಾಸ. ಬರೆದುದನ್ನೆಲ್ಲ ನಾವು ಉಚ್ಚರಿಸುತ್ತೇವೆಂಬುದು ಮಾತ್ರ ಅವರಿಗೆ ಆಶ್ಚರ್ಯ. ಅವರ ಬರಹದಲ್ಲಿ ಮೌನವಾಗಿ ಕುಳಿತಿರುವ ಅಕ್ಷರಗಳು ಅನೇಕ.

ಆದರೆ ಅವರ ವ್ಯಂಜನಗಳು ಮೂವತ್ತೇ. ಘ, ಧ, ಭ ಮೊದಲಾದ ಘೋಷಮಹಾಪ್ರಾಣಗಳು ಅವುಗಳಲ್ಲಿಲ್ಲ. ಸಂಸ್ಕೃತಮಂತ್ರಗಳಿಗಾಗಿ ದಕಾರದ ಕೆಳಗೆ ಹಕಾರವನ್ನಿಟ್ಟು ಧಕಾರವನ್ನು ಬರೆಯುತ್ತಾರೆ; ಆದರೆ ನಾಲಗೆಯು ಅಲ್ಲಿಗೆ ಹೋಗಲಾರದು. ‘ಭೂಮಿ’ಯು ‘ಪೂಮಿ’ಯಾಗುತ್ತಿತ್ತು, ‘ಧನ’ವು ‘ತನ’ವಾಗುತ್ತಿತ್ತು. ನಾನು ಬಿಡಲಿಲ್ಲ. ಬಾಯಿಯ ಮುಂದೆ ಕಾಗದದ ಚೂರನ್ನು ಹಿಡಿದು, ಅದು ಅಲುಗುವವರೆಗೆ ಮಹಾಪ್ರಾಣವನ್ನು ಅಭ್ಯಾಸಮಾಡಿಸಿದೆನು. ತರುಣರು ಬೇಸತ್ತರು. ಹಿಂದಿನ ಸಾಲಿನ ವೃದ್ಧರು ಮಾತ್ರ ಕಾಗದದ ಚೂರನ್ನು ಮನೆಗೂ ಒಯ್ದು ಅಭ್ಯಾಸಮಾಡುತ್ತಿದ್ದರು. ವಿಶೇಷವಾಗಿ ಒಂದು ಮಾತನ್ನು ಅವರು ಮತ್ತೆಮತ್ತೆ ಕೇಳಿ ಬರೆದುಕೊಂಡರು: ‘ಧನ್ಯವಾದ’.

ನನ್ನ ಬಿಡುವಿನ ಸುಖವೆಂದರೆ ಸೆರಾ ವಿಹಾರದ ವಾದಾಂಗಣ. ಭಿಕ್ಷುಗಳು ಇಬ್ಬಿಬ್ಬರಾಗಿ ನಿಂತು ತರ್ಕವಾದ ಮಾಡುತ್ತಾರೆ. ಉತ್ತರಿಸುವವನು ಕುಳಿತಿರುತ್ತಾನೆ, ಕೇಳುವವನು ನಿಂತು, ಒಂದು ಕಾಲನ್ನೆತ್ತಿ ನೆಲಕ್ಕೆ ಅಪ್ಪಳಿಸಿ, ಅಂಗೈಗೆ ಅಂಗೈಯನ್ನು ಬಡಿದು ಪ್ರಶ್ನೆಯನ್ನು ಎಸೆಯುತ್ತಾನೆ. ವಾದದ ಪ್ರಾರಂಭದಲ್ಲಿ ಅವರು ಕೂಗುವ ಒಂದು ಅಕ್ಷರವು ಏನೆಂದು ವಿಚಾರಿಸಿದರೆ, ಅದು ಮಂಜುಶ್ರೀಯ ಬೀಜಾಕ್ಷರವಾದ ‘ಧೀಃ’. ಧೀ ಎಂದರೆ ಬುದ್ಧಿ. ಧರ್ಮಕೀರ್ತಿಯ ಪ್ರಮಾಣವಾರ್ತಿಕವು ಅವರ ಮುಖ್ಯಗ್ರಂಥ. ಒಬ್ಬನು ಏನನ್ನೋ ಗಟ್ಟಿಯಾಗಿ ಸಾಧಿಸುತ್ತಿದ್ದಾಗ ಅರ್ಥವನ್ನು ಕೇಳಿದೆನು: ಶಬ್ದವು ಅನಿತ್ಯ, ಏಕೆಂದರೆ ಅದು ಮಾಡಲ್ಪಟ್ಟದ್ದು. ನಾನು ಹದಿನೆಂಟನೆಯ ವಯಸ್ಸಿನಲ್ಲಿ ನ್ಯಾಯಶಾಸ್ತ್ರದ ಗುರುಗಳ ಮುಂದೆ ಒಪ್ಪಿಸಿದ ಉದಾಹರಣೆಯೇ ಅದು! ನಮ್ಮಲ್ಲಿ ಅದನ್ನು ಇಂದು ಎಷ್ಟು ಜನ ವಾದಿಸುತ್ತಾರೆ? ಅಲ್ಲಿ ಹದಿನಾರು ವರ್ಷದ ಹುಡುಗರು ಮಳೆಯಲ್ಲಿ ನೆನೆಯುತ್ತ ವಾದಿಸುತ್ತಿದ್ದರು.

ನಮ್ಮ ಮನೆಯ ಒಡವೆಯನ್ನು ಅವರು ಕಾಪಾಡಿರುವುದು ಇಷ್ಟೇ ಅಲ್ಲ. ಒಂಬತ್ತನೆಯ ಶತಮಾನದ ಆದಿಯಲ್ಲಿಯೇ ಅನುವಾದಕರ ಉಪಯೋಗಕ್ಕಾಗಿ ಒಂಬತ್ತು ಸಾವಿರಕ್ಕೂ ಮೀರಿದ ಶಬ್ದಗಳ ‘ಮಹಾವ್ಯುತ್ಪತ್ತಿ’ ಎಂಬ ಸಂಸ್ಕೃತ-ಟಿಬೆಟನ್ ಕೋಶವನ್ನು ರಚಿಸಿಕೊಂಡವರು ಅವರು. ಕಾಳಿದಾಸನ ಮೇಘದೂತವನ್ನು ಹದಿನಾಲ್ಕನೆಯ ಶತಮಾನದಲ್ಲಿ ತಮ್ಮ ಭಾಷೆಗೆ ತಂದುಕೊಂಡರು. ಅಮರಕೋಶವೂ ಅವರಲ್ಲಿದೆ. ಎಲ್ಲಕ್ಕಿಂತ ನನ್ನನ್ನು ಪುಲಕಗೊಳಿಸಿದುದು ದಂಡಿಯ ಕಾವ್ಯಾದರ್ಶದ ಸಂಗತಿ. ಕಂಚಿಯ ಆ ಆಚಾರ್ಯನ ಗ್ರಂಥವನ್ನು ಆಧಾರಮಾಡಿಕೊಂಡು ಒಂಬತ್ತನೆಯ ಶತಮಾನದಲ್ಲಿ ನೃಪತುಂಗನ ಆಸ್ಥಾನದಲ್ಲಿ ನಮ್ಮ ಕವಿರಾಜಮಾರ್ಗವು ಹುಟ್ಟಿತು. ಅದೇ ಗ್ರಂಥವನ್ನು ಹದಿಮೂರನೆಯ ಶತಮಾನದಲ್ಲಿ ಶೊಂಗ್‌ತೊನ್ ಎಂಬ ಪಂಡಿತನು ಟಿಬೆಟನ್ನಿಗೆ ಅನುವಾದಿಸಿದನು. ಅಂದಿನಿಂದ ಅವರ ಕಾವ್ಯಶಿಕ್ಷಣಕ್ಕೂ ಅದೇ ಕನ್ನಡಿ. ಪಿರಿಯಾಪಟ್ಟಣದ ಜೋಳದ ಹೊಲದಲ್ಲಿ ಅಕ್ಕಪಕ್ಕ ನಿಂತ ನಾವಿಬ್ಬರು, ಪರಸ್ಪರ ಮಾತು ಬಾರದ ದಾಯಾದಿಗಳೆಂದು ತಿಳಿದಾಗ ನನಗಾದ ಸಂತೋಷವನ್ನು ಹೇಗೆ ವರ್ಣಿಸಲಿ! ಸಂತೋಷದ ಭರದಲ್ಲಿ ತರಗತಿಗೆ ಅಲಂಕಾರಶಾಸ್ತ್ರವನ್ನೇ ಹೇಳತೊಡಗಿದೆನು.

ಆ ಸಂತೋಷಕ್ಕೆ ಮೂರನೆಯ ತಿಂಗಳಿನಲ್ಲಿ ಸರಿಯಾದ ಪೆಟ್ಟು ಬಿದ್ದಿತು. ವೃದ್ಧ ಭಿಕ್ಷುಗಳಿಗೆ ಹೊಟ್ಟೆನೋವು ಬಂದು, ಹತ್ತಿರದ ಪೇಟೆಯ ಒಂದು ಆಸ್ಪತ್ರೆಗೆ ಹೋದರು. ಅಲ್ಲಿಯ ದಾದಿಯೊಡನೆ ತಾವೇ ಮಾತನಾಡಬೇಕೆಂದು ಹಟಹಿಡಿದು, ನನ್ನಿಂದ ಕಲಿತುದನ್ನು ಸ್ಪಷ್ಟವಾಗಿ ನುಡಿದರಂತೆ: “ನನ್ನ ಉದರದಲ್ಲಿ ವೇದನೆಯು ಉಂಟಾಗಿರುತ್ತದೆ.” ದಾದಿಯು ಒಮ್ಮೆ ಅವರ ಮುಖವನ್ನೂ ಒಮ್ಮೆ ಜೊತೆಗಿದ್ದ ಹುಡುಗನ ಮುಖವನ್ನೂ ನೋಡಿದಳು. ಅವರು ಮತ್ತೆ ಹೇಳಿದರು. ಕೊನೆಗೆ ಕೈಯಿಂದ ಮುಟ್ಟಿ ತೋರಿಸಿದಾಗ, “ಓ, ಹೊಟ್ಟೆನೋವಾ?” ಎಂದಳಂತೆ. ಗುಳಿಗೆಗಳಿಂದ ನೋವು ವಾಸಿಯಾಯಿತು. ಮರುದಿನ ಅವರು ತರಗತಿಗೆ ಬಂದು ಪುಸ್ತಕವನ್ನು ತೆರೆದು, ಬಹಳ ವಿನಯದಿಂದ, “ಗೆನ್-ಲಾ, ‘ಹೊಟ್ಟೆ’ ಎಂಬ ಮಾತು ಈ ಪುಸ್ತಕದಲ್ಲಿ ಇಲ್ಲವೆ?” ಎಂದು ಕೇಳಿದರು.

ಇರಲಿಲ್ಲ. ಎರಡೂವರೆ ತಿಂಗಳಿನಲ್ಲಿ ನಾನು ಅವರಿಗೆ ಉದರ, ಹಸ್ತ, ಶಿರಸ್ಸುಗಳನ್ನು ಕಲಿಸಿದ್ದೆನು. ಹೊಟ್ಟೆ, ಕೈ, ತಲೆಗಳನ್ನು ಕಲಿಸಿರಲಿಲ್ಲ. ಅವು ತಾವಾಗಿಯೇ ಬರುತ್ತವೆಂದು ನನ್ನ ಎಣಿಕೆ. ಹುಟ್ಟಿದ ಮನೆಯಲ್ಲಿ ಆ ಮಾತುಗಳಿದ್ದವರಿಗೆ ತಾವಾಗಿ ಬರುತ್ತವೆ. ಇಲ್ಲದವರಿಗೆ ಎಲ್ಲಿಂದ ಬರಬೇಕು?

ಮಾರನೆಯ ದಿನದಿಂದ ಕಪ್ಪುಹಲಗೆಯನ್ನು ಗೋಡೆಗೆ ತಿರುಗಿಸಿದೆವು. ಬೆಳಗಿನ ಪಾಠ ಪಾಕಶಾಲೆಯಲ್ಲಿ, ಮಧ್ಯಾಹ್ನದ್ದು ಸಂತೆಯಲ್ಲಿ, ಇಲ್ಲವೆ ಬಸ್ ನಿಲ್ದಾಣದಲ್ಲಿ. “ಈರುಳ್ಳಿ ಹೇಗೆ ಕೊಟ್ರಿ?” “ಚಿಲ್ಲರೆ ಇಲ್ಲ.” “ಸ್ವಲ್ಪ ನೋಡಿ ಹಾಕಿ.” “ಬಸ್ ಬಂತಾ?” “ಹೋಯ್ತು.” ಹೀಗೆ ಪಾಠ ನಡೆಯಿತು. ಪಾಕಶಾಲೆಯಲ್ಲಿ ತರಕಾರಿ ಹೆಚ್ಚಲು ಪಕ್ಕದ ಹಳ್ಳಿಯಿಂದ ಬರುತ್ತಿದ್ದ ಹೆಂಗಸೊಬ್ಬಳು ನಮ್ಮ ಮುಖ್ಯೋಪಾಧ್ಯಾಯಿನಿಯಾದಳು. ನಾನು ಸಹಾಯಕ. ತರುಣರ ಕನ್ನಡವು ಮೂರು ವಾರಗಳಲ್ಲಿ ಚಿಗುರಿತು. ‘ಹೋಯ್ತು’ ಎಂಬ ಮಾತನ್ನು ವೃದ್ಧರು ಬಸ್ ನಿಲ್ದಾಣದಲ್ಲಿಯೇ ಕಲಿತರು. ಅವರ ಕಣ್ಣೆದುರಿಗೇ ಎರಡು ಬಸ್ಸುಗಳು ಹೋದುವು.

ಇಷ್ಟಾದ ಮೇಲೆ ಒಂದು ಸಂಜೆ ಅವರು ನನ್ನ ಕೊಠಡಿಗೆ ಬಂದು ಕುಳಿತು, ತಾವು ಕನ್ನಡ ಕಲಿಯುವ ಕಾರಣವನ್ನು ಹೇಳಿದರು. ಆಸ್ಪತ್ರೆಗಾಗಿ ಅಲ್ಲ, ಕಚೇರಿಗಾಗಿಯೂ ಅಲ್ಲ. 1961ರಲ್ಲಿ ಅವರು ಹತ್ತು ವರ್ಷದ ಹುಡುಗ. ತಂದೆತಾಯಿಗಳೊಡನೆಯೂ ಒಬ್ಬ ತಮ್ಮನೊಡನೆಯೂ ಇಲ್ಲಿಗೆ ಬಂದರು. ದೊಡ್ಡವರು ಕಾಡು ಕಡಿಯುತ್ತಿದ್ದರು; ಬೆಳೆದ ಅಷ್ಟಿಷ್ಟು ಪೈರನ್ನು ಆನೆಗಳು ತುಳಿಯುತ್ತಿದ್ದುವು. ಹಿಮದ ನಾಡಿನವರಿಗೆ ಇಲ್ಲಿಯ ಬೇಸಿಗೆಯೇ ಒಂದು ರೋಗವಾಗಿ ಪರಿಣಮಿಸಿತು. ಅಣ್ಣತಮ್ಮಂದಿರಿಬ್ಬರೂ ಸೌದೆ ಆರಿಸುತ್ತ ಪಕ್ಕದ ಹಳ್ಳಿಯ ಅಂಚಿಗೆ ಹೋದಾಗ, ಹೊಸದಾಗಿ ಮದುವೆಯಾಗಿ ಬಂದಿದ್ದ ಒಬ್ಬ ಹೆಂಗಸು ಕರೆದು ಮಜ್ಜಿಗೆ ಕೊಡುತ್ತಿದ್ದಳಂತೆ. ಈ ನಾಡಿನಲ್ಲಿ ಅವರಿಗೆ ಪರಿಚಯವಿದ್ದ ರುಚಿ ಅದೊಂದೇ. ಅವರ ದೇಶದಲ್ಲಿಯೂ ಮೊಸರು ಕಡೆದು ಬೆಣ್ಣೆ ತೆಗೆಯುತ್ತಾರಷ್ಟೆ. ಆ ಬೇಸಿಗೆಯಲ್ಲಿಯೇ ತಮ್ಮನು ಜ್ವರ ಕೆಮ್ಮುಗಳಿಂದ ತೀರಿಕೊಂಡನು. ಆಮೇಲೆ ಇವರು ಆ ಕಡೆಗೆ ಹೋಗಲಿಲ್ಲ, ಬೆಳೆದು ಭಿಕ್ಷುವಾದರು. ಆಕೆ ಎಂದೋ ಸತ್ತಿರಬೇಕೆಂದು ಎಣಿಸಿದ್ದರು. ಎಂಬತ್ತು ದಾಟಿ ಬದುಕಿದ್ದಾಳೆಂಬುದು ಪಾಕಶಾಲೆಯ ಹೆಂಗಸಿನಿಂದ ಕಳೆದ ವರ್ಷ ತಿಳಿಯಿತು. ಇಬ್ಬರದೂ ಒಂದೇ ಹಳ್ಳಿ. “ಹೋಗಿ ‘ಧನ್ಯವಾದ’ ಎನ್ನಬೇಕು. ನನ್ನ ಪರವಾಗಿ ಒಂದು, ತಮ್ಮನ ಪರವಾಗಿ ಒಂದು. ಆದರೆ ಆ ಅಕ್ಷರ ನನಗೆ ಬರುವುದಿಲ್ಲ” ಎಂದರು.

ಕಾಗದದ ಚೂರನ್ನು ಮನೆಗೆ ಒಯ್ದುದು ಏಕೆಂದು ಆಗ ತಿಳಿಯಿತು. ನನಗೆ ಮಾತೇ ಹೊರಡಲಿಲ್ಲ.

ಮರುದಿನ ಪಾಕಶಾಲೆಯಲ್ಲಿ ಈ ವಿಷಯವನ್ನು ಇಟ್ಟೆನು. ಆ ಹೆಂಗಸು ಹುರುಳಿಕಾಯಿ ಹೆಚ್ಚುವುದನ್ನು ನಿಲ್ಲಿಸದೆಯೇ, “ಅಯ್ಯೋ ಮೇಷ್ಟ್ರೇ, ದನ್ಯವಾದ ಅಂದ್ರೆ ಅಜ್ಜಿ ಇದೇನೋ ಭಾಷಣ ಅಂದ್ಕೊಳ್ತಾಳೆ. ನಮ್ಮಲ್ಲಿ ಯಾರು ಯಾರಿಗೆ ಹಂಗಂತಾರೆ? ‘ಅವ್ವಾ, ಚೆನ್ನಾಗಿದ್ದೀಯಾ, ಊಟ ಆಯ್ತಾ’ ಅಂತ ಕೇಳ್ಲಿ, ಸಾಕು” ಎಂದಳು. ಗಮನಿಸಿದೆನು: ಆಕೆಯೂ ‘ದನ್ಯವಾದ’ ಎಂದೇ ಅಂದಳು. ಅಚ್ಚಗನ್ನಡದ ಮಾತುಗಳಲ್ಲಿ ಮಹಾಪ್ರಾಣವು ಬಹು ವಿರಳವೆಂಬುದನ್ನು ನಾನು ವ್ಯಾಕರಣದ ಪಾಠದಲ್ಲಿ ಎಷ್ಟು ಸಲ ಹೇಳಿದ್ದೇನೆ! ಹಳ್ಳಿಯವಳ ನಾಲಗೆಯೂ ಹಿಮಾಲಯದಾಚೆಯವರ ನಾಲಗೆಯೂ ಈ ಒಂದು ವಿಷಯದಲ್ಲಿ ಒಂದೇ ಆಗಿದ್ದುವು. ನಡುವೆ ಕಾಗದದ ಚೂರು ಹಿಡಿದು ನಿಂತವನು ನಾನೊಬ್ಬನೇ.

ಮಹಾಲಯ ಅಮಾವಾಸ್ಯೆ ಕಳೆದ ಮೇಲೆ ನಾವು ಮೂವರೂ ಆ ಹಳ್ಳಿಗೆ ಹೋದೆವು. ಹೊಗೆಸೊಪ್ಪಿನ ಹೊಲಗಳನ್ನು ದಾಟಿ, ಹೆಂಚಿನ ಮನೆಯೊಂದರ ಜಗುಲಿಯ ಮೇಲೆ ಅಜ್ಜಿ ಕಾಲುಚಾಚಿ ಕುಳಿತಿದ್ದಳು. ವೃದ್ಧರು ಮುಂದೆ ಹೋಗಿ, ಎರಡು ಕೈಗಳನ್ನೂ ಜೋಡಿಸಿ, “ಅವ್ವಾ, ಚೆನ್ನಾಗಿದ್ದೀಯಾ? ಊಟ ಆಯ್ತಾ?” ಎಂದರು. ಅಜ್ಜಿ ಕಣ್ಣಿನ ಮೇಲೆ ಕೈಯಿಟ್ಟು ನೋಡಿದಳು. “ಆಯ್ತಪ್ಪ. ಯಾರು ನೀನು?” ಎಂದಳು. ಪಾಕಶಾಲೆಯ ಹೆಂಗಸು ವಿವರಿಸಿದಳು. ಅಜ್ಜಿ ತಲೆಯಾಡಿಸಿ, “ಅಂಥ ಮಕ್ಕಳು ಎಷ್ಟು ಬಂದ್ವೋ! ಯಾರನ್ನಂತ ನೆನಪಿಟ್ಕೊಳ್ಳಲಿ” ಎಂದಳು. ವೃದ್ಧರ ಮುಖವನ್ನು ನೋಡಲು ನನಗೆ ಧೈರ್ಯವಾಗಲಿಲ್ಲ. ಅವರು ತಡೆದು ತಡೆದು, “ನಾವು ಇಬ್ಬರು. ತಮ್ಮ ಸಣ್ಣವನು. ಮಜ್ಜಿಗೆ” ಎಂದು ಬೊಗಸೆಯೊಡ್ಡಿ ತೋರಿಸಿದರು.

ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, “ಕೆಮ್ತಿತ್ತಲ್ಲ ಒಂದು ಕೂಸು? ಮಜ್ಜಿಗೆ ಕೊಡಬಾರದು ಅಂತ ಅತ್ತೆ ಬೈತಿದ್ರು. ಬಿಸಿನೀರು ಬೆರೆಸಿ ಕೊಡ್ತಿದ್ದೆ. ಆ ಕೂಸು ಏನಾಯ್ತು?” ಎಂದು ಕೇಳಿದಳು.

ಮೃತಿಯನ್ನು ಹೇಳುವ ಮಾತುಗಳಲ್ಲಿ ನಾನು ಅವರಿಗೆ ಕಲಿಸಿದುದು ‘ನಿಧನ’ ಒಂದೇ. ಅವರು ಅದನ್ನು ಆಡಲಿಲ್ಲ. ಒಂದು ಕ್ಷಣ ನನ್ನ ಕಡೆ ನೋಡಿ, ಅಜ್ಜಿಯ ಕಡೆ ತಿರುಗಿ, “ಹೋಯ್ತು, ಅವ್ವಾ” ಎಂದರು.

ಬಸ್ ನಿಲ್ದಾಣದ ಮಾತು. ನಮ್ಮ ಜನರು ಮನೆಯಲ್ಲಿ ಆಡುವ ಮಾತೂ ಅದೇ. ಅಜ್ಜಿ “ಶಿವನೇ” ಎಂದು ಸೆರಗಿನಿಂದ ಕಣ್ಣೊರೆಸಿಕೊಂಡು, ಸ್ವಲ್ಪ ಹೊತ್ತಿನ ಮೇಲೆ ಸೊಸೆಯನ್ನು ಕೂಗಿ ಎಲ್ಲರಿಗೂ ಮಜ್ಜಿಗೆ ತರಿಸಿದಳು. ‘ಧನ್ಯವಾದ’ದ ಮಾತನ್ನು ಯಾರೂ ಎತ್ತಲಿಲ್ಲ. ಬರುವಾಗ ವೃದ್ಧರು ತಮ್ಮ ಸಂಪ್ರದಾಯದಂತೆ ಬಿಳಿಯ ವಸ್ತ್ರವೊಂದನ್ನು ಅಜ್ಜಿಯ ಕೊರಳಿಗೆ ಹಾಕಿದರು. ಆಕೆ ಅವರ ಬೋಳುತಲೆಯನ್ನು ಮಗುವಿನದರಂತೆ ಸವರಿದಳು. ದಾರಿಯಲ್ಲಿ ಬಹಳ ದೂರ ನಡೆದ ಮೇಲೆ ಅವರು ಹಿಂದಿಯಲ್ಲಿ ಹೇಳಿದರು: “ತಂದೆತಾಯಿ ತೀರಿಕೊಂಡ ಮೇಲೆ ತಮ್ಮನನ್ನು ಕಂಡವರು ನಾನೊಬ್ಬನೇ ಉಳಿದೆನೆಂದುಕೊಂಡಿದ್ದೆ. ಈಗ ಇಬ್ಬರಿದ್ದೇವೆ.”

ಅರವತ್ತು ವರ್ಷ ಮೂರು ಮೈಲಿ ದೂರದಲ್ಲಿ ಆ ನೆನಪು ಇಬ್ಬರಲ್ಲಿಯೂ ಬೇರೆಬೇರೆಯಾಗಿ ಇದ್ದಿತು. ನಡುವೆ ಇಲ್ಲದೆ ಇದ್ದುದು ಹತ್ತು ಮಾತು ಮಾತ್ರ. ಆ ಹತ್ತು ಮಾತುಗಳಲ್ಲಿ ನಾನು ಪುಸ್ತಕದಿಂದ ಕಲಿಸಿದುದು ಒಂದೂ ಇರಲಿಲ್ಲ. ನನ್ನ ಪೆಟ್ಟಿಗೆಯಲ್ಲಿ ಬಂದಿದ್ದ ಗರ್ವದ ಗತಿ ಏನಾಯಿತೆಂದು ವಾಚಕರು ಊಹಿಸಬಹುದು. ಉಪ್ಪಿನಕಾಯಿ ಅದಕ್ಕೆ ಮೊದಲೇ ಮುಗಿದಿತ್ತು.

ಹಿಂದಿರುಗಿ ಬ್ರೂಕ್‌ಫೀಲ್ಡಿಗೆ ಬಂದ ರಾತ್ರಿ, ನಮ್ಮ ಕಟ್ಟಡದ ಬಾಗಿಲಿನಲ್ಲಿ ಕಾವಲಿರುವ ಹುಡುಗನು ಎದ್ದುನಿಂತು ಪೆಟ್ಟಿಗೆಯನ್ನು ಕೈಯಿಂದ ತೆಗೆದುಕೊಂಡನು. ಅಸ್ಸಾಮಿನಿಂದ ಬಂದವನು, ಎರಡು ವರ್ಷಗಳಿಂದ ದಿನವೂ ನನ್ನನ್ನು ನೋಡಿ ವಂದಿಸುತ್ತಿದ್ದವನು. ಅವನ ಹೆಸರು ನನಗೆ ಗೊತ್ತಿರಲಿಲ್ಲ. “ಊಟ ಆಯ್ತಾ?” ಎಂದು ಕೇಳಿದೆನು. ಅವನಿಗೆ ಅರ್ಥವಾಗಲಿಲ್ಲ. ಕೈಯನ್ನು ಬಾಯಿಗೆ ತಂದು ತೋರಿಸಿ ಮತ್ತೆ ಕೇಳಿದೆನು. ನಕ್ಕು, “ಆಯ್ತಾ” ಎಂದನು.

“‘ಆಯ್ತಾ’ ಅಲ್ಲ, ‘ಆಯ್ತು’” ಎಂದು ತಿದ್ದಲು ಬಾಯಿ ತೆರೆದವನು, ಇದು ಮೊದಲನೆಯ ಪಾಠವೆಂಬುದನ್ನು ನೆನೆದು ಸುಮ್ಮನಾದೆನು.